ಮಲಪ್ರಭೆಯ ದಂಡೆಗುಂಟ ಹಕ್ಕಿಗಳ ಹಾದಿ

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಚಳಿ ಕಳೆದು ಬಿಸಿಲೇರುವ ದಿನಗಳಲ್ಲಿ ಬೆಳಗಿನ ಹೊತ್ತು ಎರಡು ಸದ್ದುಗಳು ಒಟ್ಟಿಗೆ ಕೇಳಿಸುತ್ತವೆ. ಒಂದು, ಕವಾಯತಿಗೆ ಹೊರಟ ಸೈನಿಕರ ಬೂಟಿನ ಸದ್ದು. ಇನ್ನೊಂದು, ಕಂಚುಗಾರನೊಬ್ಬ ಸಣ್ಣ ಸುತ್ತಿಗೆಯಿಂದ ಪಾತ್ರೆ ಬಡಿಯುತ್ತಿರುವಂಥ ಎಡೆಬಿಡದ ‘ಟುಕ್ ಟುಕ್ ಟುಕ್’. ಮೊದಲನೆಯದರ ಮೂಲವನ್ನು ಹುಡುಕಬೇಕಾಗಿಲ್ಲ. ಎರಡನೆಯದನ್ನು ಹುಡುಕಿ ತಲೆ ಎತ್ತಿದರೆ ಆಲದ ಮರದ ತುದಿಯ ಒಣರೆಂಬೆಯ ಮೇಲೆ ಗುಬ್ಬಿಗಿಂತ ತುಸು ದೊಡ್ಡದಾದ, ಹಸಿರು ಮೈಯ, ಕೆಂಪು ಹಣೆಯ ಹಕ್ಕಿಯೊಂದು ಕುಳಿತಿರುತ್ತದೆ. ಅದು ಚಿಟ್ಟುಕುಟುರ.

1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾದ ಮೇಲೆ ಅದರ ಪಕ್ಕದಲ್ಲಿ ದಂಡಿನ ಪ್ರದೇಶವಾಗಿ ಬೆಳೆದದ್ದು ಈ ಕ್ಯಾಂಪ್. ಅಗಲವಾದ ರಸ್ತೆಗಳು, ದೊಡ್ಡ ಅಂಗಳದ ಹಂಚಿನ ಬಂಗಲೆಗಳು, ಹಳೆಯ ಶಾಲೆಗಳು, ಚರ್ಚುಗಳು, ಇವೆಲ್ಲಕ್ಕೂ ನೆರಳಾಗಿ ನಿಂತ ಹೆಮ್ಮರಗಳು. ಊರಿನ ಉಳಿದ ಭಾಗಗಳಲ್ಲಿ ರಸ್ತೆ ಅಗಲವಾದಂತೆ ಮರಗಳು ಕಡಿಮೆಯಾದವು. ಇಲ್ಲಿ ಇನ್ನೂ ಸಾಕಷ್ಟು ಉಳಿದಿವೆ. ಹಳೆಯ ಮರವೆಂದರೆ ಪೊಟರೆ. ಪೊಟರೆಯೆಂದರೆ ಹಾಲಕ್ಕಿಗೆ, ಗಿಳಿಗೆ, ಮೈನಾಕ್ಕೆ ಮನೆ. ಆಲ, ಬಸರಿ, ಅತ್ತಿಯ ಹಣ್ಣು ಕೆಂಪೇರಿದಾಗ ಕುಟುರಗಳ ಜೊತೆಗೆ ಕೋಗಿಲೆ, ಪಿಕಳಾರಗಳೂ ಸೇರಿ ಮರವೇ ಒಂದು ಸಂತೆಯಾಗುತ್ತದೆ. ಹಕ್ಕಿ ನೋಡುವ ಅಭ್ಯಾಸ ಆರಂಭಿಸಲು ದೂರದ ಕಾಡಿಗೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಶಾಲೆಗೆ ಹೋಗುವ ದಾರಿಯ ಒಂದು ಆಲದ ಮರ ಸಾಕು.

ಕ್ಯಾಂಪಿನ ಒಬ್ಬ ಅಧಿಕಾರಿಯ ಟಿಪ್ಪಣಿ

ಕ್ಯಾಂಪಿಗೂ ಹಕ್ಕಿಗಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1879ರ ಸುಮಾರಿಗೆ ಇಲ್ಲಿನ ಪಡೆಯಲ್ಲಿ ಇ. ಎ. ಬಟ್ಲರ್ ಎಂಬ ಅಧಿಕಾರಿಯಿದ್ದ. ಕೆಲಸ ಸೈನ್ಯದ್ದಾದರೂ ಬಿಡುವಿನ ವೇಳೆಯೆಲ್ಲ ಹಕ್ಕಿಗಳಿಗೆ ಮೀಸಲು. ಯಾವ ಹಕ್ಕಿ ಯಾವ ತಿಂಗಳಲ್ಲಿ ಗೂಡು ಕಟ್ಟಿತು, ಎಷ್ಟು ಮೊಟ್ಟೆಯಿಟ್ಟಿತು, ಗೂಡು ಎಂಥ ಗಿಡದಲ್ಲಿತ್ತು ಎಂಬುದನ್ನೆಲ್ಲ ದಿನಾಂಕ ಸಹಿತ ಬರೆದಿಡುತ್ತಿದ್ದ. ಆ ಟಿಪ್ಪಣಿಗಳನ್ನು ಎ. ಓ. ಹ್ಯೂಮ್ ಬಳಸಿಕೊಂಡರು. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದವರೆಂದು ಇತಿಹಾಸದ ಪಾಠದಲ್ಲಿ ಬರುವ ಹ್ಯೂಮ್ ಅವರೇ ಇವರು. ಆ ಕಾಲದ ಭಾರತದ ದೊಡ್ಡ ಪಕ್ಷಿತಜ್ಞರಾಗಿದ್ದ ಅವರು ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆ ನಡೆಸುತ್ತಿದ್ದರು. ಮುಂಬಯಿ ಪ್ರಾಂತದ ದಕ್ಷಿಣ ಭಾಗದ ಹಕ್ಕಿಗಳ ಬಗ್ಗೆ ಬಟ್ಲರ್ ತಯಾರಿಸಿದ ಪಟ್ಟಿ 1881ರಲ್ಲಿ ಅದರಲ್ಲಿ ಪ್ರಕಟವಾಯಿತು. ಬಲೂಚಿಸ್ತಾನದ ಕರಾವಳಿಯಿಂದ ಬಟ್ಲರ್ ಕಳಿಸಿದ್ದ ಒಂದು ಗೂಬೆಗೆ ಹ್ಯೂಮ್ 1878ರಲ್ಲಿ ಆತನ ಹೆಸರನ್ನೇ ಇಟ್ಟಿದ್ದರು.

ಆ ಕಾಲದ ಪಕ್ಷಿಶಾಸ್ತ್ರ ಬಂದೂಕಿನಿಂದ ನಡೆಯುತ್ತಿತ್ತೆಂಬುದನ್ನು ಮರೆಯುವಂತಿಲ್ಲ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಮೊಟ್ಟೆಗಳನ್ನು ಸಂಗ್ರಹಿಸಿ ಅಧ್ಯಯನ ಮಾಡುವುದೇ ರೂಢಿ. ಇಂದು ಅದು ಅಪರಾಧ, ಆಗಬೇಕಾದದ್ದೂ ಅದೇ. ಆದರೆ ಆ ದಿನಾಂಕಗಳಿಗೆ ಬೆಲೆಯಿದೆ. ಒಂದು ಊರಿನಲ್ಲಿ ನೂರನಲವತ್ತು ವರ್ಷಗಳ ಹಿಂದೆ ಯಾವ ಹಕ್ಕಿಯಿತ್ತೆಂದು ತಿಳಿಯದೆ, ಇಂದು ಯಾವುದು ಕಾಣೆಯಾಗಿದೆ ಎಂದು ಹೇಳುವುದು ಹೇಗೆ?

ಬಟ್ಲರನಂಥವರು ದೇಶದ ಈ ಮೂಲೆಯಲ್ಲಿ ಅಷ್ಟೊಂದು ಬರೆಯಲು ಕಾರಣ ಬೆಳಗಾವಿಯ ಸ್ಥಾನ. ಪಶ್ಚಿಮಕ್ಕೆ ಘಟ್ಟದ ಮಳೆಕಾಡು, ಪೂರ್ವಕ್ಕೆ ಜೋಳ–ಕಡಲೆಯ ಕಪ್ಪು ಬಯಲು. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1300 ಮಿಲಿಮೀಟರ್ ಮಳೆಯಾದರೆ, ಘಟ್ಟದ ನೆತ್ತಿಯ ಕಣಕುಂಬಿಯಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಪೂರ್ವದ ಸವದತ್ತಿಯಲ್ಲಿ ಅದರ ಅರ್ಧದಷ್ಟು. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರವಿದ್ದರೆ ಹಕ್ಕಿಗಳೂ ಬೇರೆ ಬೇರೆಯಾಗಿರುವುದು ಸಹಜ. ಈ ಮೂರೂ ಲೋಕಗಳನ್ನು ಒಂದೇ ಎಳೆಯಲ್ಲಿ ಪೋಣಿಸಿರುವುದು ಮಲಪ್ರಭಾ ಹೊಳೆ.

ನೀರು ಎರಡು ಹಾದಿ ಹಿಡಿಯುವಲ್ಲಿ

ಬೆಳಗಾವಿಯಿಂದ ಜಾಂಬೋಟಿ ಮಾರ್ಗವಾಗಿ ಗೋವೆಯ ಕಡೆಗೆ ಹೋಗುವ ಚೋರ್ಲಾ ಘಾಟಿನ ರಸ್ತೆಯಲ್ಲಿ ಖಾನಾಪುರ ತಾಲ್ಲೂಕಿನ ಕಣಕುಂಬಿ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಊರು. ಇಲ್ಲಿನ ಮಾವುಲಿ ದೇವಿಯ ಗುಡಿಯ ಬಳಿ ಮಲಪ್ರಭೆಯ ಉಗಮ. ಇಲ್ಲಿಂದ ಹೊರಟ ಹೊಳೆ 304 ಕಿಲೋಮೀಟರ್ ಹರಿದು, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಕಣಕುಂಬಿಯಲ್ಲಿ ವಿದ್ಯಾರ್ಥಿಗಳು ನಿಂತು ನೋಡಬೇಕಾದ ಸಂಗತಿಯೊಂದಿದೆ. ಅದು ಜಲವಿಭಾಜಕ. ಗುಡ್ಡದ ಏಣಿನ ಪೂರ್ವಕ್ಕೆ ಬಿದ್ದ ಮಳೆಹನಿ ಮಲಪ್ರಭೆಗೆ ಇಳಿದು, ಕೃಷ್ಣೆಯೊಂದಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಪಯಣಿಸಿ ಬಂಗಾಳ ಉಪಸಾಗರ ಸೇರುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕಳಸಾ ಹಳ್ಳಕ್ಕೆ ಇಳಿದು, ಮಹದಾಯಿಯಾಗಿ ಗೋವೆಯನ್ನು ದಾಟಿ ಅರಬ್ಬೀ ಸಮುದ್ರ ಸೇರುತ್ತದೆ. ಮಹದಾಯಿಯ ಒಂದು ಪಾಲನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಕಳಸಾ–ಬಂಡೂರಿ ಬೇಡಿಕೆ ಹುಟ್ಟಿದ್ದು ಈ ಏಣಿನಿಂದಲೇ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ನೀಡಿದ ತೀರ್ಪಿನಲ್ಲಿ ಈ ಎರಡು ಹಳ್ಳಗಳಿಂದ ತಿರುಗಿಸಲು 3.9 ಟಿಎಂಸಿ ಅಡಿ ನೀರನ್ನು ಕರ್ನಾಟಕಕ್ಕೆ ಹಂಚಲಾಯಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2830 ಕೋಟಿ ಲೀಟರ್.

ಈ ಏಣಿನ ಸುತ್ತಲಿನ ಕಾಡು ಸಿಳ್ಳಾರದ ನೆಲೆ. ಮಳೆಗಾಲದ ಬೆಳಗಿನಲ್ಲಿ ಹಳ್ಳದ ಬಂಡೆಗಳ ನಡುವಿನಿಂದ ಯಾರೋ ಹುಡುಗ ರಾಗ ಮರೆತು ಮನಬಂದಂತೆ ಶಿಳ್ಳೆ ಹಾಕುತ್ತಿರುವಂತೆ ಕೇಳಿಸುವುದು ಇದೇ ಹಕ್ಕಿಯ ಹಾಡು. ಮೈ ಕಪ್ಪುನೀಲಿ, ಭುಜದಲ್ಲಿ ಮಿನುಗುವ ನೀಲಿ ಪಟ್ಟಿ. ಬಾಲದಲ್ಲಿ ಎರಡು ಉದ್ದ ಕಡ್ಡಿ ತೂಗಿಬಿಟ್ಟಂತಿರುವ ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಅಣಕಿಸುತ್ತ ಮರದಿಂದ ಮರಕ್ಕೆ ಹಾರುತ್ತದೆ.

ಜಾಂಬೋಟಿಯ ದಕ್ಷಿಣಕ್ಕೆ ಹಬ್ಬಿದ ದಟ್ಟ ಕಾಡನ್ನು 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ 190.42 ಚದರ ಕಿಲೋಮೀಟರ್. ಇಲ್ಲಿನ ಬಾರಾಪೇಡೆ ಗವಿಗಳ ರೌಟನ್ ಬಾವಲಿಯನ್ನು 1913ರಲ್ಲಿ ವಿಜ್ಞಾನಕ್ಕೆ ಪರಿಚಯಿಸಲಾಯಿತು. ಬಹುಕಾಲ ಇಡೀ ಜಗತ್ತಿನಲ್ಲಿ ಅದರ ನೆಲೆಯೆಂದು ಗೊತ್ತಿದ್ದದ್ದು ಈ ಗವಿಗಳು ಮಾತ್ರ. ಮುಂದೆ ಅದು ಮೇಘಾಲಯ ಮತ್ತು ಕಾಂಬೋಡಿಯಾದಲ್ಲಿಯೂ ಪತ್ತೆಯಾಯಿತು.

ಆದರೆ ಈ ಕಾಡಿನ ಅರಸನೆಂದರೆ ಮಂಗಟ್ಟೆ. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಉಗಿಬಂಡಿಯ ಉಸಿರಿನಂತೆ ದೂರದಿಂದಲೇ ಕೇಳಿಸುತ್ತದೆ. ಅದರ ಸಂಸಾರದ ಕ್ರಮವೂ ವಿಶಿಷ್ಟ. ಹೆಣ್ಣು ಹೆಮ್ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆ ಮತ್ತು ಮಣ್ಣಿನಿಂದ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮೊಟ್ಟೆಯಿಟ್ಟು, ಮರಿ ಬೆಳೆಸಿ ಹೊರಬರುವವರೆಗೆ, ಅಂದರೆ ಮೂರು ತಿಂಗಳಿಗೂ ಹೆಚ್ಚು ಕಾಲ, ಹಣ್ಣು ತಂದು ಉಣಿಸುವುದು ಗಂಡಿನ ಕೆಲಸ. ಆ ಗಂಡು ಬೇಟೆಗೆ ಬಲಿಯಾದರೆ ಗೂಡಿನೊಳಗಿನ ಜೀವಗಳಿಗೂ ಕುತ್ತು. ಪೊಟರೆಯಿರುವ ಮುದಿಮರವನ್ನು ‘ಹೇಗೂ ಟೊಳ್ಳು’ ಎಂದು ಕಡಿದರೆ ಮುಂದಿನ ವರ್ಷಗಳ ಸಂಸಾರಗಳೂ ಹೋದಂತೆಯೇ. ನುಂಗಿದ ಹಣ್ಣಿನ ಬೀಜವನ್ನು ದೂರದೂರಕ್ಕೆ ಉದುರಿಸಿ ಕಾಡು ಬೆಳೆಸುವ ಹಕ್ಕಿಯಿದು. ಮಂಗಟ್ಟೆ ಉಳಿದರೆ ಮರ, ಮರ ಉಳಿದರೆ ಹಳ್ಳ, ಹಳ್ಳ ಉಳಿದರೆ ಹೊಳೆ.

ಖಾನಾಪುರದ ಸೇತುವೆಯ ಕೆಳಗೆ

ಹಬ್ಬನಹಟ್ಟಿಯಲ್ಲಿ ಹೊಳೆಯೊಳಗೇ ಇರುವ ಮಾರುತಿಯ ಗುಡಿ ಮಳೆಗಾಲದಲ್ಲಿ ಮುಳುಗಿ, ನೀರು ಇಳಿದ ಮೇಲೆ ಮತ್ತೆ ದರ್ಶನ ಕೊಡುತ್ತದೆ. ಅಲ್ಲಿಂದ ಮುಂದೆ ಅಸೋಗದ ರಾಮಲಿಂಗೇಶ್ವರ, ಬಳಿಕ ಖಾನಾಪುರ. ಬೆಳಗಾವಿಯಿಂದ 26 ಕಿಲೋಮೀಟರ್. ಬಸ್ಸೂ ಉಂಟು, ಲೋಂಡಾ ಕಡೆಯ ರೈಲೂ ಉಂಟು. ಹೊಳೆದಂಡೆಯ ಜಿಗುಟು ಮಣ್ಣು ಈ ಊರಿಗೆ ಹೆಂಚಿನ ಮತ್ತು ಕುಂಬಾರಿಕೆಯ ಹೆಸರು ತಂದುಕೊಟ್ಟಿದೆ.

ಇಲ್ಲಿನ ಸೇತುವೆಯ ಬಳಿ ಅರ್ಧ ಗಂಟೆ ಸುಮ್ಮನೆ ನಿಂತವರಿಗೆ ಒಂದು ಪಾಠವೇ ಸಿಗುತ್ತದೆ. ಒಂದೇ ನೀರಿನಲ್ಲಿ ಮೀನು ಹಿಡಿಯುವ ಹಕ್ಕಿಗಳು ಎಷ್ಟೋ, ವಿಧಾನಗಳೂ ಅಷ್ಟೇ. ನೀರುಕಾಗೆ ಮುಳುಗಿ ಬೆನ್ನಟ್ಟುತ್ತದೆ. ಕೊಕ್ಕರೆ ಕಾಲೂರಿ ಕಾಯುತ್ತದೆ. ಕಪ್ಪು–ಬಿಳುಪು ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು, ಗುರಿ ಹಿಡಿದು, ಕಲ್ಲಿನಂತೆ ಬೀಳುತ್ತದೆ. ಹಳದಿ ಕೊಕ್ಕಿನ ರೀವ ಹಕ್ಕಿ ಹೊಳೆಯ ಉದ್ದಕ್ಕೂ ಹಾರಾಡುತ್ತ ನಡುವೆ ಧುಮುಕುತ್ತದೆ. ನೀರಿನ ಆಳ ಮತ್ತು ಮೀನಿನ ಗಾತ್ರವನ್ನು ಹಂಚಿಕೊಂಡು ಬಾಳುವ ಈ ವ್ಯವಸ್ಥೆಯನ್ನು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಹೊಳೆ ಅದನ್ನು ದಿನವೂ ನಡೆಸಿ ತೋರಿಸುತ್ತದೆ. ಸೇತುವೆಯ ತಳಕ್ಕೆ ಕೆಸರಿನ ಬಟ್ಟಲು ಅಂಟಿಸಿ ಗೂಡು ಮಾಡಿಕೊಂಡ ತಂತಿಬಾಲದ ಕವಲುತೋಕೆಗಳು ಈ ನಡುವೆ ನೊಣ ಹಿಡಿಯುತ್ತ ಸುಳಿದಾಡುತ್ತವೆ.

ಬೇಸಿಗೆ ಹತ್ತಿರವಾದಂತೆ ದಂಡೆಯ ಕಡಿದಾದ ಮಣ್ಣಿನ ಗೋಡೆಗಳಲ್ಲಿ ರಂಧ್ರಗಳು ಕಾಣತೊಡಗುತ್ತವೆ. ಮಿಂಚುಳ್ಳಿ ಮತ್ತು ಕಳ್ಳಿಪೀರಗಳು ಕೊಕ್ಕಿನಿಂದಲೇ ಕೊರೆದ ಬಿಲಗಳು ಇವು. ಕೆಲವೊಮ್ಮೆ ಒಂದು ಮೀಟರಿಗೂ ಉದ್ದವಾದ ಸುರಂಗದ ಕೊನೆಯಲ್ಲಿ ಮೊಟ್ಟೆಗಳಿರುತ್ತವೆ. ದಂಡೆಯ ಮಣ್ಣು, ಉಸುಕು ತೆಗೆಯುವುದೂ ಇದೇ ತಿಂಗಳುಗಳಲ್ಲಿ. ಮನೆ ಕಟ್ಟಲು ಉಸುಕು ಬೇಕು, ಹೆಂಚಿಗೆ ಮಣ್ಣು ಬೇಕು. ಇವನ್ನೇ ನಂಬಿದ ಸಂಸಾರಗಳೂ ಇವೆ. ಆದರೆ ಬಿಲಗಳಿರುವ ನೂರು ಅಡಿ ದಂಡೆಯನ್ನು ಮಳೆ ಬರುವವರೆಗೆ ಮುಟ್ಟದೆ ಬಿಟ್ಟರೆ ಯಾರ ಮನೆಯೂ ನಿಲ್ಲದು. ಆ ನೂರು ಅಡಿ ಎಲ್ಲಿದೆಯೆಂದು ತೋರಿಸಬಲ್ಲವರು ದಿನವೂ ಅಲ್ಲಿ ಓಡಾಡುವ ಮಕ್ಕಳು.

ಬಯಲಿನ ಸಮುದ್ರ

ಖಾನಾಪುರ ದಾಟಿದ ಹೊಳೆ ಪೂರ್ವಕ್ಕೆ ತಿರುಗಿ ಎಂ.ಕೆ. ಹುಬ್ಬಳ್ಳಿಗೆ ಬರುತ್ತದೆ. ಹೆದ್ದಾರಿಯ ಪಕ್ಕದಲ್ಲಿ, ಹೊಳೆಯ ಪಾತ್ರದಲ್ಲಿ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಇಲ್ಲಿಂದ ಮುಂದೆ ಭತ್ತದ ಗದ್ದೆ ಹಿಂದಾಗಿ ಕಬ್ಬು, ಜೋಳ, ಹತ್ತಿಯ ನೆಲ ಎದುರಾಗುತ್ತದೆ. ಜಾಲಿಯ ಗಿಡಗಳಲ್ಲಿ ಗೀಜಗನ ಗೂಡುಗಳು ತೂಗುತ್ತವೆ.

ಸವದತ್ತಿ ಮತ್ತು ಮುನವಳ್ಳಿಯ ನಡುವೆ ಗುಡ್ಡಗಳ ಕಿರಿದಾದ ಕಮರಿಗೆ ನವಿಲುತೀರ್ಥ ಎಂಬ ಚೆಂದದ ಹೆಸರು. ಅಲ್ಲಿಯೇ ಅಣೆಕಟ್ಟು ಕಟ್ಟಿ 1972ರ ಹೊತ್ತಿಗೆ ಮುಗಿಸಲಾಯಿತು. ಕಮರಿ ಕಿರಿದಾದುದರಿಂದ ಸುಮಾರು 155 ಮೀಟರ್ ಉದ್ದದ ಗೋಡೆಯೇ 37.73 ಟಿಎಂಸಿ ಅಡಿ ನೀರನ್ನು ಹಿಡಿಯಬಲ್ಲ ರೇಣುಕಾಸಾಗರಕ್ಕೆ ಸಾಕಾಯಿತು. ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೂ ಸವದತ್ತಿ, ನರಗುಂದ, ನವಲಗುಂದದ ಹೊಲಗಳಿಗೂ ಆಸರೆ ಇದೇ ನೀರು.

ಜಿಲ್ಲೆಯ ಜಲಾಶಯಗಳ ಹಿನ್ನೀರಿಗೆ ಚಳಿಗಾಲದಲ್ಲಿ ಹೊರನಾಡಿನ ಅತಿಥಿಗಳು ಬರುತ್ತಾರೆ. ಅವರಲ್ಲಿ ಮುಖ್ಯವಾದದ್ದು ತಲೆಯ ಮೇಲೆ ಎರಡು ಕಪ್ಪು ಗೆರೆಗಳಿರುವ ಪಟ್ಟೆತಲೆ ಹೆಬ್ಬಾತು. ಮಂಗೋಲಿಯ ಮತ್ತು ಟಿಬೆಟ್ಟಿನ ಸರೋವರಗಳಲ್ಲಿ ಮರಿಮಾಡುವ ಇದು ಹಿಮಾಲಯ ದಾಟಿ ಬರುತ್ತದೆ. ಬೆನ್ನಿಗೆ ಕಟ್ಟಿದ ಪುಟ್ಟ ಯಂತ್ರದ ಮೂಲಕ ಜಾಡು ಹಿಡಿದಾಗ ಒಂದು ಬಾತು 7290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಆ ಎತ್ತರದಲ್ಲಿ ಆಮ್ಲಜನಕ ನೆಲಮಟ್ಟದ ಅರ್ಧಕ್ಕಿಂತ ಕಡಿಮೆ. ಈ ಬಾತಿನ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಈ ಸಾಹಸ ಸಾಧ್ಯ. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬರುವ ಕರ್ಕರ ಕೊಕ್ಕರೆಗಳೂ ಇದೇ ಹಾದಿಯ ಪಯಣಿಗರು. ಅವುಗಳನ್ನು ನೋಡಲು ಸೂಕ್ತವಾದ ಇನ್ನೊಂದು ತಾಣ ಗೋಕಾಕದ ಬಳಿಯ ಘಟಪ್ರಭಾ ಪಕ್ಷಿಧಾಮ. ಧೂಪದಾಳದ ಹಳೆಯ ಒಡ್ಡಿನ ಹಿನ್ನೀರಿನಲ್ಲಿರುವ ಇದನ್ನು 1974ರಲ್ಲಿ ಘೋಷಿಸಲಾಯಿತು.

ಬಾತುಗಳಿಗೆ ಬೇಕಾದದ್ದು ಆಳದ ನೀರಲ್ಲ. ಜಲಾಶಯ ಇಳಿದಂತೆ ಅಂಚಿನಲ್ಲಿ ತೆರೆದುಕೊಳ್ಳುವ ತೆಳುನೀರು, ಕೆಸರು, ಎಳೆ ಹುಲ್ಲು. ಅದೇ ಅಂಚಿನ ಫಲವತ್ತಾದ ಕಪ್ಪು ನೆಲದಲ್ಲಿ ರೈತರು ಕಡಲೆ ಬಿತ್ತುತ್ತಾರೆ. ಬೆಳೆಗೆ ಇಳಿದ ಹಿಂಡನ್ನು ಓಡಿಸುವ ರೈತನನ್ನು ಹಕ್ಕಿಗಳ ವೈರಿ ಎನ್ನುವುದು ಸರಿಯಲ್ಲ. ನಷ್ಟ ಆತನದು, ಸಂತೋಷ ಮಾತ್ರ ಪೇಟೆಯಿಂದ ಬಂದ ಪ್ರೇಕ್ಷಕನದು. ಹಕ್ಕಿ ನೋಡಲು ಹೋದವರು ಹೊಲದ ಬದುವಿನ ಮೇಲೆ ನಡೆಯಬೇಕೇ ಹೊರತು ಬೆಳೆಯೊಳಗಲ್ಲ.

ಫೆಬ್ರುವರಿಯಿಂದ ಮೇ ವರೆಗೆ ರೀವ ಹಕ್ಕಿಗಳು ಉಸುಕಿನ ದಿಬ್ಬಗಳ ಮೇಲೆ, ನೀರು ಸುತ್ತುವರಿದ ನಡುಗಡ್ಡೆಗಳ ಮೇಲೆ ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ. ಸುತ್ತಲಿನ ನೀರೇ ಅವಕ್ಕೆ ಬೇಲಿ. ನೀರು ತೀರ ಇಳಿದರೆ ನಡುಗಡ್ಡೆ ದಂಡೆಗೆ ಕೂಡಿಕೊಂಡು ನಾಯಿಗಳಿಗೆ ದಾರಿಯಾಗುತ್ತದೆ. ಒಮ್ಮೆಲೇ ಏರಿದರೆ ಮೊಟ್ಟೆ ಕೊಚ್ಚಿಹೋಗುತ್ತದೆ. ಭಾರತದ ಹೊಳೆಗಳಲ್ಲಿ ಸಾಮಾನ್ಯವೆನಿಸಿದ್ದ ಈ ಹಕ್ಕಿಯನ್ನು 2020ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಈಡಾದ ಪ್ರಭೇದಗಳ ಸಾಲಿಗೆ ಸೇರಿಸಲಾಗಿದೆ.

ನೀರಿನ ಲೆಕ್ಕದಲ್ಲಿ ಹಕ್ಕಿಯ ಪಾಲು

ಮುನವಳ್ಳಿ, ರಾಮದುರ್ಗ ದಾಟಿ ಹೊಳೆ ಬಾದಾಮಿಯ ಕೆಂಪು ಮರಳುಗಲ್ಲಿನ ಸೀಮೆಗೆ ಬರುತ್ತದೆ. ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗಿ, ಚಾಲುಕ್ಯರ ಗುಡಿಗಳ ಪಕ್ಕದಲ್ಲಿ ಹರಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿ ಉಳಿಯುವುದು ಅಲ್ಲೊಂದು ಇಲ್ಲೊಂದು ಮಡು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಗುಡಿಗಳ ಅಂಗಳದವರೆಗೂ ನುಗ್ಗಿತ್ತು. ಬತ್ತುವುದು ಮತ್ತು ಉಕ್ಕುವುದು, ಈ ಎರಡರ ನಡುವಿನ ಸಮ ಹರಿವು ಕಡಿಮೆಯಾಗುತ್ತಿರುವುದೇ ಮಲಪ್ರಭೆಯ ಕಷ್ಟ. ಹೊಲ, ನಲ್ಲಿ, ಕಾರ್ಖಾನೆ ಎಲ್ಲಕ್ಕೂ ನೀರಿನ ಲೆಕ್ಕವಿದೆ. ಹೊಳೆಗೇ ಎಷ್ಟು ಬಿಡಬೇಕೆಂಬ ಪ್ರಶ್ನೆ ಬರುವುದು ಕೊನೆಯಲ್ಲಿ.

ಈ ಪ್ರಶ್ನೆಯನ್ನು ಎದುರಿಸಿದ ಇನ್ನೊಂದು ಹೊಳೆ ಆಸ್ಟ್ರೇಲಿಯದ ಮರ್ರೆ. ಉದ್ದ ಸುಮಾರು 2500 ಕಿಲೋಮೀಟರ್. ಇಚೂಕಾ, ಮಿಲ್ಡುರಾ ಮುಂತಾದ ದಂಡೆಯ ಊರುಗಳು ನೀರಾವರಿಯಿಂದ ಬೆಳೆದವು. ಅಣೆಕಟ್ಟುಗಳು ಹೆಚ್ಚಿದಂತೆ ಪ್ರವಾಹದ ನೀರನ್ನೇ ನಂಬಿದ ನೀಲಗಿರಿ ಜಾತಿಯ ಮರಗಳ ಕಾಡು ಒಣಗತೊಡಗಿತು. ಅಲ್ಲಿ ಮರಿಮಾಡುತ್ತಿದ್ದ ಕೆಂಬರಲು ಮತ್ತು ಬೆಳ್ಳಕ್ಕಿಗಳ ಜಾತಿಯ ಹಕ್ಕಿಗಳಿಗೆ ನೆಲೆ ತಪ್ಪಿತು. 2007ರ ಜಲ ಕಾಯ್ದೆಯ ಮೂಲಕ ಆ ದೇಶ ಪರಿಸರಕ್ಕೆಂದೇ ನೀರಿನ ಪಾಲನ್ನು ಹೊಂದಿ, ಬೇಕಾದ ಕಾಲಕ್ಕೆ ಬಿಡುಗಡೆ ಮಾಡುವ ಅಧಿಕಾರಿಯನ್ನು ನೇಮಿಸಿತು. ರೈತರ ವಿರೋಧ, ರಾಜ್ಯಗಳ ಜಗಳ ಅಲ್ಲಿಯೂ ತಪ್ಪಿಲ್ಲ. ಆದರೂ ಬಾರ್ಮಾ ಕಾಡಿಗೆ ನೀರು ಬಿಟ್ಟ ವರ್ಷಗಳಲ್ಲಿ ಹಕ್ಕಿಗಳು ಮತ್ತೆ ಗೂಡು ಕಟ್ಟುತ್ತವೆ. ಎಷ್ಟು ನೀರಿಗೆ ಎಷ್ಟು ಗೂಡು ಎಂದು ಹೇಳಲು ಅಲ್ಲಿ ವರ್ಷವರ್ಷದ ಎಣಿಕೆಯ ಆಧಾರವಿದೆ.

ಮಲಪ್ರಭೆಗೂ ಬೇಕಾದದ್ದು ಇಂಥ ಎಣಿಕೆ. ಅದಕ್ಕೆ ದೊಡ್ಡ ಪದವಿ ಬೇಕಾಗಿಲ್ಲ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು ದೇಶದುದ್ದಕ್ಕೂ ಸಾವಿರಾರು ಸಾಮಾನ್ಯ ವೀಕ್ಷಕರು ಬರೆದುಕೊಟ್ಟ ಪಟ್ಟಿಗಳು. 178 ಪ್ರಭೇದಗಳಿಗೆ ತುರ್ತು ಗಮನ ಬೇಕೆಂದು ಅದು ಗುರುತಿಸಿದೆ.

ಹೊರಡುವ ಮುನ್ನ

ಹೊಳೆಗುಂಟ ಹಕ್ಕಿ ನೋಡಲು ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಅತ್ಯುತ್ತಮ. ದುರ್ಬೀನು ಕೊಳ್ಳುವ ಪಾಲಕರು 8×40 ಎಂಬ ಅಂಕಿ ನೋಡಲಿ. 8 ಎಂದರೆ ಎಂಟು ಪಟ್ಟು ಹಿಗ್ಗುವಿಕೆ, 40 ಎಂದರೆ ಮುಂದಿನ ಮಸೂರದ ವ್ಯಾಸ ಮಿಲಿಮೀಟರುಗಳಲ್ಲಿ. 40ನ್ನು 8ರಿಂದ ಭಾಗಿಸಿದರೆ ಬರುವ 5 ಮಿಲಿಮೀಟರ್ ಕಣ್ಣಿಗೆ ತಲುಪುವ ಬೆಳಕಿನ ಕಿರಣಪುಂಜದ ಅಗಲ. ಮಸುಕು ಬೆಳಕಿಗೆ ಅದು ಸಾಕು. ಹಿಗ್ಗುವಿಕೆ ಹೆಚ್ಚಿದ್ದಷ್ಟೂ ಕೈನಡುಕವೂ ಹಿಗ್ಗುತ್ತದೆ. ಒಂದು ತರಗತಿಗೆ ಒಂದೇ ದುರ್ಬೀನು ಇದ್ದರೂ ಕೆಲಸ ನಡೆಯುತ್ತದೆ.

ಭೀಮಗಡದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಹೊಳೆಯ ಹತ್ತಿರ ಮಕ್ಕಳನ್ನು ಬಿಡಬಾರದು. ಉಳಿದ ಕಾಲದಲ್ಲಿಯೂ ಊರವರನ್ನು ಕೇಳದೆ ಮಡುವಿಗೆ ಇಳಿಯಬಾರದು. ಗೂಡಿನ ಹತ್ತಿರ ಹೋಗುವುದು, ಮೊಟ್ಟೆ ಮುಟ್ಟುವುದು, ಮೊಬೈಲಿನಲ್ಲಿ ಹಕ್ಕಿಯ ದನಿ ಕೇಳಿಸಿ ಕರೆಯುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ನಲವತ್ತು ಪುಟದ ಒಂದು ನೋಟುಬುಕ್ಕು. ದಿನಾಂಕ, ವೇಳೆ, ಸ್ಥಳ, ಹಕ್ಕಿ, ಸಂಖ್ಯೆ, ಏನು ಮಾಡುತ್ತಿತ್ತು, ಹೀಗೆ ಆರು ಕಲಮು ಎಳೆದರೆ ಸಾಕು. ಹೆಸರು ಗೊತ್ತಾಗದಿದ್ದರೆ ಕೊಕ್ಕಿನ ಆಕಾರ, ಬಾಲದ ಉದ್ದ, ಕಾಲಿನ ಬಣ್ಣ ಬರೆದಿಡಬಹುದು. ಹೆಸರು ಆಮೇಲೆ ಸಿಕ್ಕೀತು. ಹಕ್ಕಿ ಕಾಣದ ದಿನವನ್ನೂ ಬರೆಯಬೇಕು. ‘ಖಾನಾಪುರ ಸೇತುವೆ, ಬೆಳಿಗ್ಗೆ 7, ರೀವ ಇಲ್ಲ’ ಎಂಬ ಒಂದು ಸಾಲಿನ ಬೆಲೆ ಇಂದು ತಿಳಿಯದಿರಬಹುದು. ಐವತ್ತು ವರ್ಷಗಳ ನಂತರ ಈ ಹೊಳೆಯ ಲೆಕ್ಕ ಕೇಳುವವರಿಗೆ ಅದು ಬೇಕಾಗುತ್ತದೆ.